ನೆಟ್‌ವರ್ಕ್ ಹೋದಾಗ ಹ್ಯಾಮ್ ರೇಡಿಯೊ: ಫಾರ್ವರ್ಡ್ ಹೇಳುವುದರಲ್ಲಿ ನಿಜ ಎಷ್ಟು?

‘ನರಸೀಪುರದ ಸೇತುವೆ ಮುಳುಗಿದೆ. ಯಾರೂ ಆ ಕಡೆ ಹೋಗಬೇಡಿ. ಎಲ್ಲ ಗ್ರೂಪಿಗೂ ಕಳಿಸಿ.’

ಮಳೆಗಾಲದಲ್ಲಿ ಇಂಥದೊಂದು ಸಂದೇಶ ನಿಮ್ಮ ಫೋನಿಗೆ ಬಂತು ಅಂದುಕೊಳ್ಳಿ. ಯಾವ ನರಸೀಪುರ? ಹೇಮಾವತಿ ದಂಡೆಯ ಹೊಳೆನರಸೀಪುರವೋ, ಕಾವೇರಿ–ಕಪಿಲೆ ಕೂಡುವ ತಿರುಮಕೂಡಲು ನರಸೀಪುರವೋ? ಎರಡೂ ಹೊಳೆ ಪಕ್ಕದ ಊರುಗಳೇ, ಎರಡು ಕಡೆಯೂ ಸೇತುವೆ ಇದೆ. ನಡುವೆ ನೂರು ಕಿಲೋಮೀಟರ್‌ಗೂ ಹೆಚ್ಚು ದಾರಿ. ಇವತ್ತಿನ ಸುದ್ದಿಯೋ, 2018ರ ಆಗಸ್ಟ್‌ನದೋ? ಕಣ್ಣಾರೆ ಕಂಡವರು ಯಾರು? ಸಂದೇಶದಲ್ಲಿ ಇದಾವುದೂ ಇಲ್ಲ.

ಹಾಸನ ಜಿಲ್ಲೆಯ ಊರಿನ ಹೆಸರುಗಳಲ್ಲಿ ಈ ತೊಂದರೆ ಜಾಸ್ತಿ. ರಾಮನಾಥಪುರ ಅಂದರೆ ನಮಗೆ ಅರಕಲಗೂಡು ತಾಲ್ಲೂಕಿನ, ಕಾವೇರಿ ದಂಡೆಯ ಊರು. ಅದೇ ಹೆಸರಿನ ಜಿಲ್ಲೆ ತಮಿಳುನಾಡಿನಲ್ಲಿದೆ. ಚನ್ನರಾಯಪಟ್ಟಣ ಹಾಸನದ ತಾಲ್ಲೂಕು ಕೇಂದ್ರವೂ ಹೌದು, ದೇವನಹಳ್ಳಿ ತಾಲ್ಲೂಕಿನ ಒಂದು ಹೋಬಳಿಯೂ ಹೌದು.

ಮಳೆ ಜೋರಾದ ಕೂಡಲೇ ಓಡಾಡುವ ಇನ್ನೊಂದು ಮಾತಿದೆ: ‘ಮೊಬೈಲ್ ನೆಟ್‌ವರ್ಕ್ ಹೋದರೂ ಹ್ಯಾಮ್ ರೇಡಿಯೊ ಕೆಲಸ ಮಾಡುತ್ತೆ. ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ. ಪ್ರತಿ ಮನೆಯಲ್ಲೂ ಒಂದು ಇರಲಿ.’ ಮೊದಲ ವಾಕ್ಯ ನಿಜ. ಎರಡನೆಯದು ಅರ್ಧ ನಿಜ. ಮೂರನೆಯದು ತಪ್ಪು. ಯಾಕೆ ಅಂತ ಒಂದೊಂದಾಗಿ ನೋಡೋಣ.

ನೆಟ್‌ವರ್ಕ್ ಹೋಗುವುದು ಯಾಕೆ?

‘ಹಾಸನದಲ್ಲೇ ಎಂಸಿಎಫ್ ಇರುವಾಗ ನಮ್ಮ ನೆಟ್‌ವರ್ಕ್ ಹೇಗೆ ಹೋಗುತ್ತೆ?’ ಅಂತ ಕೇಳುವವರಿದ್ದಾರೆ. ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಹಾಸನದಲ್ಲಿದೆ, ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನಿಯಂತ್ರಿಸುತ್ತಾರೆ. ಆದರೆ ನೀವು ಅರಕಲಗೂಡಿನಿಂದ ಹಾಸನಕ್ಕೆ ಮಾಡುವ ಕರೆ ಆಕಾಶಕ್ಕೆ ಹೋಗುವುದೇ ಇಲ್ಲ. ಹತ್ತಿರದ ಟವರಿಗೆ ಹೋಗಿ, ಅಲ್ಲಿಂದ ಹೆಚ್ಚಾಗಿ ರಸ್ತೆ ಬದಿಯಲ್ಲಿ ಹೂತ ಆಪ್ಟಿಕಲ್ ಫೈಬರ್ ಕೇಬಲ್ಲಿನಲ್ಲಿ ಸಾಗುತ್ತದೆ.

ಹಾಗಾಗಿ ಮೂರು ಕಡೆ ಪೆಟ್ಟು ಬೀಳಬಹುದು. ಮರ ಬಿದ್ದು ಸೆಸ್ಕ್‌ನ ಲೈನ್ ಹೋದರೆ ಟವರ್ ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತದೆ, ಆಮೇಲೆ ಜನರೇಟರ್ ಬೇಕು, ಅದಕ್ಕೆ ಡೀಸೆಲ್ ಬೇಕು, ಡೀಸೆಲ್ ತರಲು ರಸ್ತೆ ಬೇಕು. ಗುಡ್ಡ ಕುಸಿದರೆ ರಸ್ತೆಯ ಜೊತೆ ಕೇಬಲ್ಲೂ ಹೋಗುತ್ತದೆ. ಆಗ ಟವರಿನ ದೀಪ ಉರಿಯುತ್ತಿದ್ದರೂ ಫೋನ್ ಮೂಕ. ಇವೆರಡೂ ಸರಿಯಿದ್ದರೂ ಸಾವಿರಾರು ಜನ ಒಟ್ಟಿಗೆ ಕರೆ ಮಾಡಿದರೆ ಲೈನೇ ಸಿಗುವುದಿಲ್ಲ. (ಅಂಥ ಹೊತ್ತಿನಲ್ಲಿ ಕರೆ ಮಾಡಬೇಡಿ, ಎಸ್ಸೆಮ್ಮೆಸ್ ಕಳಿಸಿ. ಅದಕ್ಕೆ ಬೇಕಾಗುವ ಜಾಗ ತೀರಾ ಕಡಿಮೆ.) 112ಕ್ಕೆ ಮಾಡುವ ಕರೆಗೆ ಒಂದು ಅನುಕೂಲವಿದೆ: ನಿಮ್ಮ ಸಿಮ್‌ನ ಕಂಪನಿ ಸಿಗದಿದ್ದರೆ ಬೇರೆ ಕಂಪನಿಯ ಟವರ್ ಮೂಲಕವೂ ಅದು ಹೋಗಬಲ್ಲದು. ಯಾವ ಟವರೂ ಇಲ್ಲದಿದ್ದರೆ ಅದೂ ಹೋಗದು.

ಇದು ಹೆದರಿಸಲು ಹೇಳಿದ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಪಕ್ಕದ ಕೊಡಗಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದಾಗ ಸುತ್ತಲಿನ ಹಳ್ಳಿಗಳಲ್ಲಿ ರಸ್ತೆ, ಕರೆಂಟು, ಫೋನು ಮೂರೂ ಒಟ್ಟಿಗೆ ಹೋದವು. ನಮ್ಮ ಸಕಲೇಶಪುರದ ಕೆಳಗೆ, ಎಡಕುಮೇರಿ–ಕಡಗರವಳ್ಳಿ ನಡುವೆ 2024ರ ಜುಲೈನಲ್ಲಿ ಮಣ್ಣು ಕುಸಿದು ರೈಲುಗಳೇ ನಿಂತವು. ಕೊಡಗಿನಲ್ಲಿ ಹಾರಂಗಿ ತುಂಬಿ ನೀರು ಬಿಟ್ಟರೆ ಅದು ಕಾವೇರಿ ಸೇರಿ ಕೊಣನೂರು, ರಾಮನಾಥಪುರದ ಕಡೆ ಬರುತ್ತದೆ. ಗೊರೂರಿನ ಹೇಮಾವತಿ ಜಲಾಶಯಕ್ಕೆ 2,922 ಅಡಿ ಗರಿಷ್ಠ ಮಟ್ಟ, ಸುಮಾರು 37 ಟಿಎಂಸಿ ಸಾಮರ್ಥ್ಯ. ಅಲ್ಲಿಂದ ಹೆಚ್ಚುವರಿ ನೀರು ಬಿಟ್ಟರೆ ಅದು ಹೊಳೆನರಸೀಪುರವನ್ನು ದಾಟಿಯೇ ಕೆಆರ್‌ಎಸ್ ಸೇರಬೇಕು. ಇಲ್ಲಿ ಮಾಹಿತಿ ಒಂದು ಗಂಟೆ ತಡವಾದರೂ, ಒಂದು ಊರು ತಪ್ಪಾದರೂ ಅದರ ಬೆಲೆ ದೊಡ್ಡದು.

ಹ್ಯಾಮ್ ಅಂದರೆ ಯಾರು?

ಸರ್ಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು, ಹಣಕ್ಕಲ್ಲದೆ ಹವ್ಯಾಸಕ್ಕಾಗಿ ರೇಡಿಯೊ ನಿಲ್ದಾಣ ನಡೆಸುವವರು ಹ್ಯಾಮ್‌ಗಳು. ಕೇಳುವುದು ಮಾತ್ರವಲ್ಲ, ಅವರೇ ಪ್ರಸಾರ ಮಾಡಿ ಮಾತಾಡುತ್ತಾರೆ. ಪ್ರತಿಯೊಬ್ಬರಿಗೂ ಒಂದು ಕರೆ ಸಂಕೇತ ಇರುತ್ತದೆ. ಭಾರತದಲ್ಲಿ ಅದು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಕೂಡ ಹ್ಯಾಮ್, ಅವರ ಸಂಕೇತ ವಿಯು2ಆರ್‌ಜಿ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ 1959ರಷ್ಟು ಹಳೆಯದು.

‘ಹ್ಯಾಮ್ ಅಂದರೆ ಹೆಲ್ಪ್ ಆಲ್ ಮ್ಯಾನ್‌ಕೈಂಡ್’ ಅನ್ನುವ ಫಾರ್ವರ್ಡ್ ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಹರ್ಟ್ಸ್, ಆರ್ಮ್‌ಸ್ಟ್ರಾಂಗ್, ಮಾರ್ಕೋನಿ ಎಂಬ ವಿಜ್ಞಾನಿಗಳ ಮೊದಲಕ್ಷರ ಅನ್ನುವುದೂ ಆಮೇಲೆ ಕಟ್ಟಿದ ಕತೆಯೇ. ತಂತಿ ಕಚೇರಿಗಳ ಕಾಲದಲ್ಲಿ ಕೈ ಪಳಗದ ಆಪರೇಟರನ್ನು ಹೀಯಾಳಿಸಲು ‘ಹ್ಯಾಮ್’ ಅನ್ನುತ್ತಿದ್ದರು. ವೃತ್ತಿಯವರು ಹವ್ಯಾಸಿಗಳನ್ನು ಹಾಗೆ ಬೈದರು, ಹವ್ಯಾಸಿಗಳು ಆ ಬೈಗುಳವನ್ನೇ ಹೆಸರಾಗಿ ಇಟ್ಟುಕೊಂಡರು.

ಟವರ್ ಇಲ್ಲದೆ ಮಾತು ಹೇಗೆ ಹೋಗುತ್ತದೆ?

ಮೊಬೈಲ್ ಫೋನೂ ರೇಡಿಯೊನೇ. ಆದರೆ ಪಕ್ಕದ ಮನೆಗೆ ಮಾತಾಡಲೂ ಅದಕ್ಕೆ ಟವರ್ ಬೇಕು. ಹ್ಯಾಮ್ ಸೆಟ್ಟಿಗೆ ಬೇಡ. ಒಂದು ಸೆಟ್ಟಿನ ತರಂಗ ನೇರ ಇನ್ನೊಂದು ಸೆಟ್ಟಿಗೆ ಹೋಗುತ್ತದೆ. ಎಷ್ಟು ದೂರ ಅನ್ನುವುದು ತರಂಗಾಂತರ ಮತ್ತು ಎತ್ತರದ ಮೇಲಿದೆ.

ಕೈಯಲ್ಲಿ ಹಿಡಿಯುವ ವಾಕಿಟಾಕಿಗಳು ಹೆಚ್ಚಾಗಿ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಈ ತರಂಗಗಳು ಹೆಚ್ಚುಕಡಿಮೆ ನೇರ ಸಾಗುತ್ತವೆ, ಭೂಮಿ ಬಾಗಿದಂತೆ ಹೆಚ್ಚು ಬಾಗುವುದಿಲ್ಲ. ಇದಕ್ಕೊಂದು ಸುಲಭ ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದಕ್ಕೆ ‘ಕಾಣುವ’ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ನೆಲದ ಮೇಲೆ ನಿಂತವರ ಕೈಯ ಸೆಟ್ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ 5 ಕಿ.ಮೀ. ಇಬ್ಬರೂ ನೆಲದ ಮೇಲಿದ್ದರೆ ಬಟ್ಟಬಯಲಲ್ಲಿ 10 ಕಿ.ಮೀ. ಮನೆ, ತೋಟ, ದಿಬ್ಬ ಅಡ್ಡ ಬಂದರೆ ಅದರಲ್ಲಿ ಅರ್ಧವೂ ಸಿಗದು.

ಈಗ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ನೆನಪಿಸಿಕೊಳ್ಳಿ. ಸುತ್ತಲಿನ ಬಯಲಿಗಿಂತ ಅದು ಸುಮಾರು 135 ಮೀಟರ್ ಎತ್ತರ. ಅದೇ ಲೆಕ್ಕ ಹಾಕಿದರೆ ಸುಮಾರು 48 ಕಿ.ಮೀ. ಬರುತ್ತದೆ. ಚನ್ನರಾಯಪಟ್ಟಣ ಅಷ್ಟರೊಳಗೆ ಆರಾಮಾಗಿ ಬರುತ್ತದೆ, ಅಡ್ಡ ಗುಡ್ಡವಿಲ್ಲದಿದ್ದರೆ ಹೊಳೆನರಸೀಪುರವೂ ಬರುತ್ತದೆ. (ರಕ್ಷಿತ ಸ್ಮಾರಕದ ಮೇಲೆ ಆಂಟೆನಾ ನಿಲ್ಲಿಸಿ ಅಂತ ಯಾರೂ ಹೇಳುತ್ತಿಲ್ಲ, ಇದು ಲೆಕ್ಕಕ್ಕೆ ಮಾತ್ರ.) ಹ್ಯಾಮ್‌ಗಳು ಎತ್ತರದ ಜಾಗದಲ್ಲಿ ‘ರಿಪೀಟರ್’ ಇಡುವುದು ಇದಕ್ಕೇ. ಕೆಳಗಿನ ಪುಟ್ಟ ಸೆಟ್ಟಿನ ಮಾತನ್ನು ಅದು ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಇನ್ನೊಂದರಲ್ಲಿ ಜೋರಾಗಿ ಮರುಪ್ರಸಾರ ಮಾಡುತ್ತದೆ.

ಸಕಲೇಶಪುರದ ಕಡೆ ಗುಡ್ಡದ ಹಿಂದೆ ಗುಡ್ಡ. ಅಲ್ಲಿ ನೇರ ದಾರಿಯ ಆಟ ನಡೆಯದು. ಆಗ ಶಾರ್ಟ್‌ವೇವ್ ಬೇಕು. ಹಗಲಲ್ಲಿ 7 ಮೆಗಾಹರ್ಟ್ಸ್ ಆಸುಪಾಸಿನ ತರಂಗವನ್ನು ಬಹುಪಾಲು ನೆಟ್ಟಗೆ ಮೇಲಕ್ಕೆ ಕಳಿಸಿದರೆ, ಇನ್ನೂರು ಮುನ್ನೂರು ಕಿಲೋಮೀಟರ್ ಮೇಲಿರುವ ಅಯಾನುಗೋಳ ಅದನ್ನು ಕೆಳಕ್ಕೆ ತಿರುಗಿಸುತ್ತದೆ. ಕೊಳವೆಯ ನೀರನ್ನು ಸೂರಿಗೆ ಹೊಡೆದರೆ ಸುತ್ತಲೂ ಬೀಳುತ್ತದಲ್ಲ, ಹಾಗೆ. ನಡುವೆ ಎಷ್ಟು ಗುಡ್ಡ ಇದ್ದರೂ ಲೆಕ್ಕಕ್ಕಿಲ್ಲ. ಬೇಕಾಗುವ ಆಂಟೆನಾ ಅಂದರೆ ಸುಮಾರು 20 ಮೀಟರ್ ಉದ್ದದ ತಂತಿ, ಕಟ್ಟಲು ಎರಡು ಕಡೆ ಆಧಾರ. ಚನ್ನರಾಯಪಟ್ಟಣದ ತೋಟದಲ್ಲಿ ಎರಡು ತೆಂಗಿನ ಮರ ಸಾಕು. ಕರೆಂಟಿಗೆ ಕಾರಿನದೋ ಟ್ರ್ಯಾಕ್ಟರಿನದೋ 12 ವೋಲ್ಟ್ ಬ್ಯಾಟರಿ. ಹಾಸನದಿಂದ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೂರೂ 40 ಕಿ.ಮೀ. ಒಳಗಿನ ದಾರಿ. ಇಷ್ಟು ಸಾಮಾನಿನಲ್ಲಿ ನಾಲ್ಕೂ ಊರು ಒಂದನ್ನೊಂದು ಮಾತಾಡಿಸಬಹುದು, ಬೆಂಗಳೂರನ್ನೂ ಮಾತಾಡಿಸಬಹುದು.

ನಿಜವಾಗಿ ನಡೆದದ್ದು

2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ (ಸಂಕೇತ ವಿಯು2ಆರ್‌ಬಿಐ) ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊದ ತಂಡದೊಂದಿಗೆ ಅಂಡಮಾನಿಗೆ ಹೋಗಿದ್ದರು. ಅಲ್ಲಿಂದ ಹವ್ಯಾಸಿ ಪ್ರಸಾರಕ್ಕೆ ಅನುಮತಿ ಸಿಗುವುದೇ ಅಪರೂಪ. ಹಾಗಾಗಿ ಜಗತ್ತಿನ ಹ್ಯಾಮ್‌ಗಳೆಲ್ಲ ಪೋರ್ಟ್ ಬ್ಲೇರ್ ಜೊತೆ ಒಂದು ಮಾತಾಡಿ ಲೆಕ್ಕಕ್ಕೆ ಸೇರಿಸಿಕೊಳ್ಳಲು ಮುಗಿಬಿದ್ದಿದ್ದರು. ಅಂದರೆ ಹೋಗಿದ್ದು ಆಟಕ್ಕೆ, ಪರಿಹಾರ ಕಾರ್ಯಕ್ಕಲ್ಲ. 26ರ ಬೆಳಿಗ್ಗೆ ಭೂಮಿ ನಡುಗಿತು, ಹಿಂದೆಯೇ ಸುನಾಮಿ ಬಂತು. ದ್ವೀಪಗಳ ಫೋನ್ ಸಂಪರ್ಕ ಕಡಿಯಿತು. ತಂಡ ಆಟ ನಿಲ್ಲಿಸಿ, ಸೆಟ್ಟನ್ನು ಮತ್ತೆ ಜೋಡಿಸಿ, ಮುಖ್ಯಭೂಮಿಯ ಹ್ಯಾಮ್‌ಗಳಿಗೆ ಸುದ್ದಿ ಮುಟ್ಟಿಸತೊಡಗಿತು. ಆಡಳಿತದ ಸಂದೇಶಗಳ ಜೊತೆಗೆ ‘ನಾವು ಬದುಕಿದ್ದೇವೆ’ ಎನ್ನುವ ಸಾವಿರಾರು ಮನೆಗಳ ಮಾತೂ ಈ ದಾರಿಯಲ್ಲೇ ಹೋದವು.

ನಮಗೆ ಇನ್ನೂ ಹತ್ತಿರದ್ದು, ಗುಂಡ್ಲುಪೇಟೆಯ ಆಚೆಗಿನ ವಯನಾಡು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಬಿದ್ದಾಗ ಹ್ಯಾಮ್‌ಗಳು ಕಲ್ಪೆಟ್ಟಾದ ಜಿಲ್ಲಾಧಿಕಾರಿ ಕಚೇರಿಯ ನೆಲಮಹಡಿಯಲ್ಲೇ ಮುಖ್ಯ ನಿಲ್ದಾಣ ಹೂಡಿದರು. ಅಂಬಲವಯಲ್ ಬಳಿಯ ಎತ್ತರದಲ್ಲಿದ್ದ ಹ್ಯಾಮ್ ರಿಪೀಟರ್ ನಡುವೆ ನಿಂತಿತು. ಕುಸಿದ ಜಾಗದಲ್ಲಿ ಸೆಟ್ ಹಿಡಿದವರು ಹೇಳಿದ್ದು ಕಚೇರಿಗೆ, ಅಲ್ಲಿಂದ ಅಧಿಕಾರಿಗಳ ಕೈಗೆ. ಇದರಲ್ಲಿ ಗಮನಿಸಬೇಕಾದ್ದು ಆ ರಿಪೀಟರ್ ಅವತ್ತು ತಂದದ್ದಲ್ಲ ಅನ್ನುವುದು. ಸ್ಥಳೀಯ ಕ್ಲಬ್ಬಿನವರು ಮಳೆ ಇಲ್ಲದ ದಿನಗಳಲ್ಲಿ ಹರಟೆಗೆ ಬಳಸುತ್ತಿದ್ದದ್ದೇ ಅಂದು ಕೆಲಸಕ್ಕೆ ಬಂತು.

ಅವರ ಸಂದೇಶಕ್ಕೂ ನಮ್ಮ ಫಾರ್ವರ್ಡಿಗೂ ಇರುವ ವ್ಯತ್ಯಾಸ

ಹ್ಯಾಮ್‌ಗಳ ನಿಜವಾದ ಆಸ್ತಿ ಯಂತ್ರವಲ್ಲ, ಸಂದೇಶ ದಾಟಿಸುವ ಶಿಸ್ತು ಎಂಬುದು ನನ್ನ ಅಭಿಪ್ರಾಯ. ವಿಪತ್ತಿನ ಹೊತ್ತಿನಲ್ಲಿ ಒಂದು ತರಂಗಾಂತರದಲ್ಲಿ ಒಬ್ಬರು ಮೇಲ್ವಿಚಾರಕರಿರುತ್ತಾರೆ. ಅವರು ಕರೆದ ಮೇಲೆಯೇ ಉಳಿದವರು ಮಾತಾಡಬೇಕು. ಹೇಳಲು ಏನೂ ಇಲ್ಲದವರು ಸುಮ್ಮನೆ ಕೇಳುತ್ತಿರಬೇಕು. ಇದನ್ನು ‘ನೆಟ್’ ಅನ್ನುತ್ತಾರೆ. ಗುಡ್ ಮಾರ್ನಿಂಗ್ ಇಲ್ಲ, ಕೈ ಮುಗಿಯುವ ಚಿತ್ರ ಇಲ್ಲ.

ಸಂದೇಶಕ್ಕೂ ಒಂದು ಅಚ್ಚು ಇದೆ. ಅಮೆರಿಕದ ಹವ್ಯಾಸಿ ಸಂಘ 1914ರಲ್ಲಿ ಹುಟ್ಟಿದ್ದೇ ಊರಿಂದೂರಿಗೆ ಸಂದೇಶ ದಾಟಿಸಲು. ಅಲ್ಲಿ ರೂಢಿಯಾದ ನಮೂನೆಯಲ್ಲಿ ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ, ತುರ್ತಿನ ದರ್ಜೆ, ಹೊರಟ ನಿಲ್ದಾಣ, ಊರು, ಗಂಟೆ, ದಿನಾಂಕ ಇರುತ್ತದೆ. ಜೊತೆಗೆ ಒಟ್ಟು ಎಷ್ಟು ಪದ ಎಂಬ ಎಣಿಕೆ. ನಮ್ಮ ಕಡೆಗೆ ಹೊಂದಿಸಿ ಒಂದು ಉದಾಹರಣೆ ಕಟ್ಟಿದರೆ ಹೀಗಿರಬಹುದು:

‘ಸಂಖ್ಯೆ 14. ತುರ್ತು. ಊರು: ರಾಮನಾಥಪುರ, ಅರಕಲಗೂಡು ತಾಲ್ಲೂಕು. ಸಮಯ 06:40. ಪದ 12. ಶಾಲೆಯ ಕಾಳಜಿ ಕೇಂದ್ರದಲ್ಲಿ 62 ಜನ. ಇಬ್ಬರಿಗೆ ಇನ್ಸುಲಿನ್ ಬೇಕು, ಸಂಜೆಯೊಳಗೆ ತಲುಪಬೇಕು. ರಸ್ತೆ ಬಂದ್.’

ಬರೆದುಕೊಂಡವರು ಪದ ಎಣಿಸುತ್ತಾರೆ. 12 ಬಂದರೆ ಸರಿ. 11 ಬಂದರೆ ಏನೋ ತಪ್ಪಿದೆ, ಮತ್ತೆ ಕೇಳಬೇಕು. 62 ಅನ್ನುವುದನ್ನು ‘ಆರು, ಎರಡು’ ಎಂದು ಬಿಡಿಸಿ ಹೇಳುತ್ತಾರೆ, ಯಾಕೆಂದರೆ ಗೊರಗೊರ ಸದ್ದಿನಲ್ಲಿ ಅರವತ್ತೆರಡು, ಎಪ್ಪತ್ತೆರಡು ಒಂದೇ ಥರ ಕೇಳಿಸಬಹುದು. ಊರಿನ ಹೆಸರಲ್ಲಿ ಅನುಮಾನ ಬಂದರೆ ಆಲ್ಫಾ, ಬ್ರಾವೊ ಎಂದು ಅಕ್ಷರ ಬಿಡಿಸುತ್ತಾರೆ. ಮುಖ್ಯವಾದ ಸಂದೇಶವನ್ನು ಕೇಳಿದವರು ಪೂರ್ತಿ ಓದಿ ಒಪ್ಪಿಸುತ್ತಾರೆ. ನಡುವೆ ದಾಟಿಸುವವರು ಒಂದು ಪದವನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ‘ಇಬ್ಬರಿಗೆ’ ಅನ್ನುವುದು ದಾರಿಯಲ್ಲಿ ‘ಹಲವರಿಗೆ’ ಆಗುವುದಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಐದು ಅಥವಾ ಹೆಚ್ಚು ಕೈ ದಾಟಿದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ. ಹಲವು ಕೈ ದಾಟಿದೆ ಅಂತ ಗೊತ್ತಾಗುತ್ತದೆ, ಮೊದಲ ಕೈ ಯಾರದ್ದು ಅಂತ ಗೊತ್ತಾಗುವುದಿಲ್ಲ. ಹ್ಯಾಮ್ ಸಂದೇಶ ಎಷ್ಟು ಕೈ ದಾಟಿದರೂ ಮೊದಲ ಕೈಯ ಸಂಕೇತ, ಗಂಟೆ ಹಾಗೇ ಇರುತ್ತದೆ. ಇದನ್ನು ಮಾಡಲು ಲೈಸೆನ್ಸ್ ಬೇಕಿಲ್ಲ. ಹೊಳೆ ಉಕ್ಕಿದ ಸುದ್ದಿ ನೀವೇ ಕಳಿಸುವಾಗ ಊರು, ತಾಲ್ಲೂಕು, ದಿನಾಂಕ, ಗಂಟೆ, ಕಂಡವರು ಯಾರು ಎಂಬುದನ್ನು ಸೇರಿಸಿ. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿದಾಗಲೂ ಅಲ್ಲಿಯವರು ಕೇಳುವುದು ಇದನ್ನೇ.

ಹಾಗಾದರೆ ಮನೆಗೊಂದು ಸೆಟ್ ಯಾಕೆ ಬೇಡ?

ಒಂದು, ಕಾನೂನು. ಹ್ಯಾಮ್ ಪಟ್ಟಿಯಲ್ಲಿ ಪ್ರಸಾರ ಮಾಡುವ ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಆನ್‌ಲೈನ್‌ನಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಸಕ್ರಮವಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಇಂಥ ಮಾರಾಟದ ಬಗ್ಗೆ ಇ–ಕಾಮರ್ಸ್ ತಾಣಗಳಿಗೆ ನೋಟಿಸ್ ಕೊಟ್ಟು, ಅಕ್ರಮ ಮಾರಾಟ ತಡೆಯಲು ಮಾರ್ಗಸೂಚಿಯನ್ನೂ ಹೊರಡಿಸಿತು. ಲೈಸೆನ್ಸ್ ಬೇಡದ ವಾಕಿಟಾಕಿಗಳೂ ಇವೆ, 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಕಡಿಮೆ ಶಕ್ತಿಯವು. ಆದರೆ ಅವು ತೋಟದ ಆ ತುದಿಯಿಂದ ಈ ತುದಿಗೆ ಸಾಕು, ತಾಲ್ಲೂಕಿನಿಂದ ಜಿಲ್ಲೆಗೆ ಅಲ್ಲ.

ಎರಡು, ಜಾಗ. ಒಂದು ತರಂಗಾಂತರದಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಮೇಲಿನಂಥ ಸಂದೇಶ ಓದಿ, ಬರೆದು, ಒಪ್ಪಿಸಲು ಎರಡು ನಿಮಿಷ ಹಿಡಿದರೆ ಗಂಟೆಗೆ 30 ಸಂದೇಶ, ಅಷ್ಟೇ. ಆ ಮೂವತ್ತರಲ್ಲಿ ನಿಮ್ಮ ‘ಹಲೋ, ಕೇಳಿಸ್ತಿದೆಯಾ?’ ಸೇರಿದರೆ ಇನ್ಸುಲಿನ್ ಕೇಳುವವರು ಸಾಲಿನಲ್ಲಿ ಹಿಂದೆ ಹೋಗುತ್ತಾರೆ. ಸಾಮಾನ್ಯ ಮನೆಗೆ ಬೇಕಾದ್ದು ಪ್ರಸಾರ ಮಾಡುವ ಸೆಟ್ ಅಲ್ಲ, ಸೆಲ್ ಹಾಕಿ ಕೇಳುವ ಸಾದಾ ರೇಡಿಯೊ. ಟವರ್ ಬಿದ್ದರೂ ಆಕಾಶವಾಣಿ ಕೇಳಿಸುತ್ತದೆ.

ಮೂರನೆಯದನ್ನು ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ಹ್ಯಾಮ್‌ಗಳ ಮಾತಿನಲ್ಲಿ ಗುಟ್ಟಿಲ್ಲ. ಸಂಕೇತಭಾಷೆಯಲ್ಲಿ ಮುಚ್ಚಿಟ್ಟು ಕಳಿಸುವುದು ನಿಷಿದ್ಧ. ಸೆಟ್ ಇರುವ ಯಾರು ಬೇಕಾದರೂ ಕೇಳಬಹುದು. ಹಾಗಾಗಿ ಸತ್ತವರ ಹೆಸರಿನಂಥ ವಿಷಯವನ್ನು ಹಾಗೇ ಗಾಳಿಗೆ ಬಿಡಬಾರದು, ಮನೆಯವರಿಗಿಂತ ಮೊದಲು ಊರಿಗೆ ಗೊತ್ತಾಗಿಬಿಡುತ್ತದೆ.

ಹಾಸನಕ್ಕೆ ಇದರಿಂದ ಏನು?

ಹ್ಯಾಮ್‌ಗಳು ಸಾಮಾನ್ಯ ದಿನಗಳಲ್ಲಿ ಬೇರೆಯವರ ಪರವಾಗಿ ಸಂದೇಶ ಸಾಗಿಸುವಂತಿಲ್ಲ. 1978ರ ಭಾರತೀಯ ನಿಯಮಗಳು ಇದಕ್ಕೆ ವಿನಾಯಿತಿ ಕೊಟ್ಟಿದ್ದು ಭೂಕಂಪ, ಪ್ರವಾಹ, ಚಂಡಮಾರುತದಂಥ ಹೊತ್ತಿಗೆ. ಅದೂ ಜಿಲ್ಲಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟವರು ಕಳಿಸುವ, ಅವರಿಗೆ ಬರುವ ಸಂದೇಶಗಳಿಗೆ. ಅಂದರೆ ಹ್ಯಾಮ್ ಎಷ್ಟೇ ಚುರುಕಾಗಿದ್ದರೂ ಜಿಲ್ಲಾಡಳಿತಕ್ಕೆ ಅವರ ಗುರುತು ಮೊದಲೇ ಇರಬೇಕು, ಕಚೇರಿಯಲ್ಲಿ ಒಂದು ಮೇಜು, ಚಾವಣಿಯಲ್ಲಿ ಆಂಟೆನಾ ಕಟ್ಟಲು ಜಾಗ ಮೊದಲೇ ಗೊತ್ತಾಗಿರಬೇಕು. ನೀರು ಬಂದ ಮೇಲೆ ಪರಿಚಯ ಮಾಡಿಕೊಳ್ಳಲು ಹೊತ್ತಿರುವುದಿಲ್ಲ.

ನಾಲ್ಕು ಊರುಗಳಿಗೆ ಊರಿಗೆ ಇಬ್ಬರಂತೆ ಎಂಟು ಜನ ಲೈಸೆನ್ಸ್ ಪಡೆದವರು, ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಅಭ್ಯಾಸ. ಕೆಲಸ ಶುರುಮಾಡಲು ಇಷ್ಟು ಸಾಕು. 1960ರಿಂದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವ ಊರಿಗೆ ಇದು ದೊಡ್ಡ ಮಾತಲ್ಲ. ಎಂಜಿನಿಯರೇ ಆಗಬೇಕೆಂದೂ ಇಲ್ಲ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರೆಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ತತ್ವ ಮತ್ತು ನಿಯಮಗಳ ಪ್ರಶ್ನೆಗಳು ಮಾತ್ರ, ಜನರಲ್ ದರ್ಜೆಗೆ ಮಾರ್ಸ್ ಕೂಡ ಬರಬೇಕು. ಅರ್ಜಿ ದೂರಸಂಪರ್ಕ ಇಲಾಖೆಯ ‘ಸರಳ್ ಸಂಚಾರ್’ ಪೋರ್ಟಲ್‌ನಲ್ಲಿ. ನಮ್ಮವರಿಗೆ ಪರೀಕ್ಷೆ ಬರೆಯಲು ಬೆಂಗಳೂರು ಇದೆ, ಕಲಿಸುವ ಹಳೆಯ ಕ್ಲಬ್ಬುಗಳೂ ಅಲ್ಲೇ ಇವೆ. ಪಾಸಾದ ಮೇಲೆ ಪೊಲೀಸ್ ಪರಿಶೀಲನೆ, ಆಮೇಲೆ ಕರೆ ಸಂಕೇತ. ಇದಕ್ಕೆಲ್ಲ ತಿಂಗಳುಗಳೇ ಹಿಡಿಯುತ್ತವೆ. ಬರುವ ಮುಂಗಾರಿಗೆ ಬೇಕೆಂದರೆ ಅರ್ಜಿಯನ್ನು ಬೇಸಿಗೆಗೂ ಮೊದಲೇ ಹಾಕಬೇಕು.